ಸರ್ಕಾರಿ ಆರೋಗ್ಯ ವೆಬ್‌ಸೈಟ್ ಅಂಗವಿಕಲರ ಕೈಗೆಟಕುತ್ತದೆಯೇ? ನೀವೇ ಪರೀಕ್ಷಿಸಿ, ಸರಿ ಮಾಡಿಸುವ ಬಗೆ

ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡ ಒಬ್ಬರಿಗೆ ಕಣ್ಣು ಕಾಣುವುದಿಲ್ಲ ಎಂದುಕೊಳ್ಳಿ. ಫಲಿತಾಂಶ ಆರೋಗ್ಯ ಇಲಾಖೆಯ ವೆಬ್‌ಸೈಟಿಗೆ ಬಂದಿದೆ. ತೆರೆದರೆ ಅದು ಸ್ಕ್ಯಾನ್ ಮಾಡಿದ ಪಿಡಿಎಫ್. ಪರದೆಯ ಮೇಲಿನ ಅಕ್ಷರಗಳನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶಕ್ಕೆ, ಅಂದರೆ ಸ್ಕ್ರೀನ್ ರೀಡರಿಗೆ, ಅಲ್ಲಿ ಓದಲು ಒಂದಕ್ಷರವೂ ಇಲ್ಲ. ಈಗ ಅವರು ಮನೆಯವರನ್ನೋ ಪಕ್ಕದವರನ್ನೋ ಕರೆದು ಓದಿಸಬೇಕು.

"ಯಾರನ್ನಾದ್ರೂ ಕೇಳಿದ್ರೆ ಓದಿ ಹೇಳ್ತಾರಲ್ಲ" ಎಂಬ ಮಾತು ರೈಲಿನ ವೇಳಾಪಟ್ಟಿಗೆ ಹೇಗೋ ಒಪ್ಪಬಹುದು. ಆರೋಗ್ಯದ ವಿಷಯಕ್ಕೆ ಒಪ್ಪುವುದಿಲ್ಲ. ಗರ್ಭ, ಮನಸ್ಸಿನ ಕಾಯಿಲೆ, ಲೈಂಗಿಕ ರೋಗ, ಇವು ಬೇರೆಯವರ ಬಾಯಲ್ಲಿ ಕೇಳಿಸಿಕೊಳ್ಳುವ ಸಂಗತಿಗಳಲ್ಲ. ಹಾಗಾಗಿ ಈ ಬರಹದ ಉದ್ದಕ್ಕೂ ನಾನು ಹಿಡಿಯುವ ಅಳತೆ ಒಂದೇ: ಬೇಕಾದ ಕೆಲಸವನ್ನು ಆ ವ್ಯಕ್ತಿ ಒಬ್ಬರೇ, ಗುಟ್ಟು ಬಿಟ್ಟುಕೊಡದೆ, ಹೊತ್ತಿಗೆ ಸರಿಯಾಗಿ ಮಾಡಿಕೊಳ್ಳಬಹುದೇ? ಬೇರೆಯವರ ನೆರವು ಪಡೆದು ಮುಗಿಸಿದರೆ ಅದನ್ನು ಪಾಸ್ ಎಂದು ಬರೆಯಬೇಡಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ ಗಣನೀಯ ಅಂಗವೈಕಲ್ಯವಿದೆ. ಅಂದರೆ ಆರು ಜನರಲ್ಲಿ ಒಬ್ಬರು. ಆರೋಗ್ಯ ವೆಬ್‌ಸೈಟಿನಲ್ಲಿ ಈ ಪಾಲು ಇನ್ನೂ ಜಾಸ್ತಿ ಇರುತ್ತದೆ ಎಂದುಕೊಂಡೇ ಕೆಲಸ ಶುರುಮಾಡುವುದು ಒಳ್ಳೆಯದು. ಅಲ್ಲಿಗೆ ಬರುವವರೇ ವಯಸ್ಸಾದವರು, ಕಾಯಿಲೆ ಇರುವವರು, ನೋವಿನಲ್ಲಿರುವವರು ಅಲ್ವಾ?

ಈ ಮಾರ್ಗದರ್ಶಿ ಇಲಾಖೆಯ ವೆಬ್‌ಸೈಟ್ ನೋಡಿಕೊಳ್ಳುವವರಿಗೆ. ಅಂಗವಿಕಲರ ಸಂಘಟನೆಗಳಲ್ಲಿ ಇರುವವರು ಮತ್ತು ದೂರು ಕೊಡಬೇಕು ಎಂದುಕೊಂಡಿರುವ ಯಾರಾದರೂ ಬಳಸಬಹುದು. ಕೋಡ್ ಬರೆಯಲು ಬರಬೇಕಾಗಿಲ್ಲ.

ಮೊದಲು ನಿಯಮದ ಮಾತು, ಚುಟುಕಾಗಿ

ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ 2006ರಲ್ಲಿ ಅಂಗೀಕಾರವಾಯಿತು, 2008ರಲ್ಲಿ ಜಾರಿಗೆ ಬಂತು. ಅದರ 9ನೇ ವಿಧಿ ಮಾಹಿತಿ ಎಲ್ಲರಿಗೂ ಎಟಕಬೇಕು ಎನ್ನುತ್ತದೆ. 25ನೇ ವಿಧಿ ಆರೋಗ್ಯದ ಹಕ್ಕಿನದು. ಯುರೋಪಿಯನ್ ಒಕ್ಕೂಟದ 2016ರ ವೆಬ್ ನಿರ್ದೇಶನ, ಅಮೆರಿಕದ ಫೆಡರಲ್ ಸಂಸ್ಥೆಗಳಿಗೆ ಅನ್ವಯಿಸುವ ಸೆಕ್ಷನ್ 508 ಎಂಬ ಕಾನೂನು, ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮತ್ತು ಸರ್ಕಾರಿ ವೆಬ್‌ಸೈಟ್‌ಗಳಿಗಾಗಿ ಇರುವ ಜಿಐಜಿಡಬ್ಲ್ಯು ಮಾರ್ಗಸೂಚಿ, ಇವೆಲ್ಲ ಬೇರೆ ಬೇರೆ ದೇಶಗಳ ದಾರಿಗಳು.

ತಾಂತ್ರಿಕ ಅಳತೆಗೋಲಿಗೆ ಬಂದರೆ ಹೆಚ್ಚುಕಡಿಮೆ ಎಲ್ಲವೂ ಡಬ್ಲ್ಯುಸಿಎಜಿ ಎಂಬ ಮಾನದಂಡವನ್ನೇ ನೆಚ್ಚಿವೆ. ಇದನ್ನು ರೂಪಿಸುವುದು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ. ಮೊದಲ ಆವೃತ್ತಿ 1999ರಲ್ಲಿ ಬಂತು, 2.2ನೇ ಆವೃತ್ತಿ 2023ರ ಅಕ್ಟೋಬರ್‌ನಲ್ಲಿ. ಎ, ಎಎ, ಎಎಎ ಎಂದು ಮೂರು ಹಂತಗಳಿವೆ, ಎಎಎ ಎಲ್ಲಕ್ಕಿಂತ ಕಟ್ಟುನಿಟ್ಟು. ಸರ್ಕಾರಗಳು ಸಾಮಾನ್ಯವಾಗಿ ಕೇಳುವುದು ಎಎ. 2.2ರಲ್ಲಿ ಎಎ ಮುಟ್ಟಲು ಒಟ್ಟು 55 ಅಂಶಗಳನ್ನು ಪಾಲಿಸಬೇಕು. ಅವನ್ನೆಲ್ಲ ಬಾಯಿಪಾಠ ಮಾಡಬೇಡಿ. ಕೆಳಗಿನ ಹಂತಗಳಲ್ಲಿ ನಡೆದರೆ ಮುಖ್ಯವಾದವು ತಾವಾಗಿ ಎದುರಾಗುತ್ತವೆ.

ಹಂತ 1: ಪುಟಗಳನ್ನಲ್ಲ, ಕೆಲಸಗಳನ್ನು ಪಟ್ಟಿ ಮಾಡಿ

ಎಲ್ಲರೂ ಮುಖಪುಟದಿಂದ ಶುರುಮಾಡುತ್ತಾರೆ. ಆದರೆ ಮುಖಪುಟ ಓದಲು ಯಾರೂ ಆರೋಗ್ಯ ಇಲಾಖೆಯ ವೆಬ್‌ಸೈಟಿಗೆ ಬರುವುದಿಲ್ಲ. ಅವರಿಗೊಂದು ಕೆಲಸ ಇರುತ್ತದೆ. ಮಗುವಿನ ಲಸಿಕೆ ಯಾವಾಗ, ಹತ್ತಿರದ ಆಸ್ಪತ್ರೆ ಎಲ್ಲಿದೆ, ಅಪಾಯಿಂಟ್‌ಮೆಂಟ್ ಹೇಗೆ ಪಡೆಯುವುದು, ಪರೀಕ್ಷೆಯ ಫಲಿತಾಂಶ ಎಲ್ಲಿ, ಸಾಂಕ್ರಾಮಿಕ ರೋಗ ಹರಡಿದಾಗ ಏನು ಮಾಡಬೇಕು, ತುರ್ತು ಸಂದರ್ಭದಲ್ಲಿ ಯಾರನ್ನು ಸಂಪರ್ಕಿಸಬೇಕು.

ಇಂಥ ಆರೇಳು ಕೆಲಸಗಳನ್ನು ಬರೆದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಎಲ್ಲಿಂದ ಶುರು, ಎಲ್ಲಿ ಮುಗಿಯಬೇಕು ಎಂದು ಗುರುತು ಮಾಡಿ. ಮುಂದಿನ ಎಲ್ಲ ಪರೀಕ್ಷೆಯೂ ಈ ದಾರಿಗಳ ಮೇಲೆಯೇ.

ಹಂತ 2: ಸ್ವಯಂಚಾಲಿತ ಟೂಲ್ ಓಡಿಸಿ, ಆದರೆ ಅಂಕ ನಂಬಬೇಡಿ

ಆಕ್ಸ್, ವೇವ್, ಲೈಟ್‌ಹೌಸ್ ಎಂಬ ತಪ್ಪು ಹುಡುಕುವ ಟೂಲ್‌ಗಳು ಉಚಿತವಾಗಿ ಸಿಗುತ್ತವೆ. ಬ್ರೌಸರಿನಲ್ಲಿಯೇ ಓಡುತ್ತವೆ. ಬಣ್ಣ ಮಂಕಾಗಿರುವುದು, ಚಿತ್ರಕ್ಕೆ ಪರ್ಯಾಯ ಪಠ್ಯ (ಚಿತ್ರದಲ್ಲಿ ಏನಿದೆ ಎಂದು ಸ್ಕ್ರೀನ್ ರೀಡರಿಗೆ ಹೇಳಲು ಕೋಡಿನಲ್ಲಿ ಬರೆಯುವ ಮಾತು) ಇಲ್ಲದಿರುವುದು, ಫಾರಂನ ಖಾನೆಗೆ ಹೆಸರಿಲ್ಲದಿರುವುದು, ಇಂಥವನ್ನು ಕ್ಷಣದಲ್ಲಿ ಹಿಡಿಯುತ್ತವೆ. ಈ ತಪ್ಪುಗಳು ಎಷ್ಟು ಸಾಮಾನ್ಯ ಗೊತ್ತೇ? ವೆಬ್‌ಏಮ್ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಮುಖಪುಟಗಳನ್ನು ಜಾಲಾಡುತ್ತದೆ. 2025ರಲ್ಲಿ ಅವುಗಳ ಪೈಕಿ 94.8 ಶೇಕಡಾ ಪುಟಗಳಲ್ಲಿ ತಪ್ಪು ಸಿಕ್ಕಿತು.

ಟೂಲ್ ಹಿಡಿಯುವುದು ಅರ್ಧ ಕಥೆ ಮಾತ್ರ. ಬ್ರಿಟನ್ನಿನ ಸರ್ಕಾರಿ ಡಿಜಿಟಲ್ ಸೇವೆಯವರು 2017ರಲ್ಲಿ ಬೇಕೆಂದೇ 140ಕ್ಕೂ ಹೆಚ್ಚು ತಪ್ಪುಗಳನ್ನು ತುಂಬಿದ ಪುಟವೊಂದನ್ನು ಮಾಡಿ, ಹಲವು ಟೂಲ್‌ಗಳನ್ನು ಅದರ ಮೇಲೆ ಓಡಿಸಿದರು. ಅತಿ ಚೆನ್ನಾಗಿ ಕೆಲಸ ಮಾಡಿದ ಟೂಲ್ ಕೂಡ ಅರ್ಧದಷ್ಟು ತಪ್ಪುಗಳನ್ನೂ ಹಿಡಿಯಲಿಲ್ಲ. ಚಿತ್ರಕ್ಕೆ "ಚಿತ್ರ 1" ಎಂದು ಪರ್ಯಾಯ ಪಠ್ಯ ಕೊಟ್ಟರೂ ಟೂಲ್ ತಲೆಯಾಡಿಸುತ್ತದೆ. ಹಾಗಾಗಿ "ನಮ್ಮ ಸೈಟಿಗೆ 100ಕ್ಕೆ 98 ಬಂದಿದೆ" ಎಂದು ಯಾರಾದರೂ ವರದಿ ತಂದರೆ ಸುಮ್ನೆ ಪಕ್ಕಕ್ಕಿಟ್ಟು ಮುಂದಿನ ಹಂತಕ್ಕೆ ಹೋಗಿ.

ಹಂತ 3: ಮೌಸ್ ಬಿಡಿ

ಮೌಸ್ ಕಿತ್ತಿಡಿ. ಟ್ಯಾಬ್ ಒತ್ತಿದರೆ ಮುಂದೆ, ಶಿಫ್ಟ್ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿದರೆ ಹಿಂದೆ. ಎಂಟರ್ ಅಥವಾ ಸ್ಪೇಸ್ ಒತ್ತಿದರೆ ಆಯ್ಕೆ. ಎಸ್ಕೇಪ್ ಒತ್ತಿದರೆ ಹೊರಗೆ. ಕೈ ನಡುಗುವವರು, ಒಂದೇ ಬೆರಳು ಆಡುವವರು, ಬಾಯಲ್ಲಿ ಕೋಲು ಹಿಡಿದು ಒತ್ತುವವರು, ಕಣ್ಣು ಕಾಣದವರು, ಎಲ್ಲರೂ ವೆಬ್‌ಸೈಟಿನಲ್ಲಿ ಓಡಾಡುವುದು ಹೆಚ್ಚುಕಡಿಮೆ ಹೀಗೆಯೇ.

ಈಗ ಎಲ್ಲಿದ್ದೀರಿ ಎಂದು ತೋರಿಸುವ ಗೆರೆ ಪ್ರತಿ ಒತ್ತಿಗೂ ಕಾಣಬೇಕು. ಅದು ಚಂದ ಕಾಣುವುದಿಲ್ಲ ಎಂದು ಅಳಿಸಿ ಹಾಕುವ ವಿನ್ಯಾಸಕಾರರು ಬೇಕಾದಷ್ಟಿದ್ದಾರೆ. ಮೇಲಿನ ಮೆನುವಿನಲ್ಲಿ 40 ಲಿಂಕ್ ಇದ್ದರೆ ಅಷ್ಟನ್ನೂ ದಾಟದೆ ನೇರ ವಿಷಯಕ್ಕೆ ಜಿಗಿಯುವ ಲಿಂಕ್ ಮೊದಲಲ್ಲೇ ಇರಬೇಕು. ಪಾಪ್‌ಅಪ್ ಒಳಗೆ ಹೋದರೆ ಹೊರಬರಲು ದಾರಿ ಇರಬೇಕು. ತುರ್ತು ಎಚ್ಚರಿಕೆಯ ಪಾಪ್‌ಅಪ್‌ನಲ್ಲೇ ಜನ ಸಿಕ್ಕಿಹಾಕಿಕೊಳ್ಳುವುದು ಎಂಥ ವಿಪರ್ಯಾಸ!

ಮೊಬೈಲಿನಲ್ಲೂ ಒಮ್ಮೆ ನೋಡಿ. ಒತ್ತುವ ಬಟನ್ ತೀರಾ ಸಣ್ಣದಿರಬಾರದು. ಡಬ್ಲ್ಯುಸಿಎಜಿ 2.2ರ ಪ್ರಕಾರ ಕನಿಷ್ಠ 24ಕ್ಕೆ 24 ಪಿಕ್ಸೆಲ್, ಇಲ್ಲವೇ ಸುತ್ತ ಅಷ್ಟು ಜಾಗ ಬೇಕು.

ಹಂತ 4: ಹಿಗ್ಗಿಸಿ ನೋಡಿ, ಬಣ್ಣ ತೆಗೆದು ನೋಡಿ

ಬ್ರೌಸರ್ ಕಿಟಕಿಯನ್ನು 1280 ಪಿಕ್ಸೆಲ್ ಅಗಲ ಇಟ್ಟು 400 ಶೇಕಡಾ ಹಿಗ್ಗಿಸಿ. ಓದುವವರು ಮೇಲಿನಿಂದ ಕೆಳಗೆ ಸರಿದರೆ ಸಾಕಾಗಬೇಕು. ಪ್ರತಿ ಸಾಲಿಗೂ ಎಡಬಲ ಎಳೆದಾಡುವಂತಿರಬಾರದು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ (ಕಾಂಟ್ರಾಸ್ಟ್) ಕನಿಷ್ಠ 4.5ಕ್ಕೆ 1 ವ್ಯತ್ಯಾಸ, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಇದನ್ನು ಟೂಲ್ ಅಳೆದುಕೊಡುತ್ತದೆ.

ಬಣ್ಣದ ಕಥೆ ಬೇರೆ. ರೋಗ ಹರಡಿದ ಪ್ರದೇಶಗಳನ್ನು ಕೆಂಪು, ಹಸಿರು ವಲಯವೆಂದು ತೋರಿಸುವ ನಕ್ಷೆಯನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿ ನೋಡಿ. ಯಾವುದು ಅಪಾಯದ ವಲಯ ಎಂದು ನಿಮಗೇ ತಿಳಿಯದಿದ್ದರೆ, ಕೆಂಪು ಹಸಿರಿನ ವ್ಯತ್ಯಾಸ ಕಾಣದವರಿಗೂ ತಿಳಿಯುವುದಿಲ್ಲ. ವಲಯದ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ಹಂತ 5: ಕಿವಿಯಲ್ಲಿ ಕೇಳಿ

ಬಹಳ ಜನ ಈ ಹಂತವನ್ನು ಹಾರಿಸುತ್ತಾರೆ. ಆದರೆ ಹೆಚ್ಚು ಕಲಿಸುವುದೂ ಇದೇ. ವಿಂಡೋಸ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತವೆ. ಮೊದಮೊದಲು ತಲೆ ಚಿಟ್ಟು ಹಿಡಿಯುತ್ತದೆ. ಎನ್‌ವಿಡಿಎಯಲ್ಲಿ ಕಂಟ್ರೋಲ್ ಕೀ ಒತ್ತಿದರೆ ಮಾತು ನಿಲ್ಲುತ್ತದೆ, ಇದೊಂದು ಗೊತ್ತಿದ್ದರೆ ಧೈರ್ಯ ಬರುತ್ತದೆ.

ಎಚ್ ಕೀ ಒತ್ತಿದರೆ ಒಂದೊಂದೇ ಶೀರ್ಷಿಕೆಗೆ ಜಿಗಿಯುತ್ತದೆ. ಇನ್‌ಸರ್ಟ್ ಮತ್ತು ಎಫ್7 ಒತ್ತಿದರೆ ಪುಟದ ಲಿಂಕ್‌ಗಳ, ಶೀರ್ಷಿಕೆಗಳ ಪಟ್ಟಿ ಬರುತ್ತದೆ. ಈ ಪಟ್ಟಿಯನ್ನು ಒಮ್ಮೆ ಕೇಳಿ. "ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇನ್ನಷ್ಟು ಓದಿ, ಇಲ್ಲಿ ಕ್ಲಿಕ್ ಮಾಡಿ" ಎಂದು ಬಂದರೆ ಯಾವ ಲಿಂಕ್ ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೆ ಗೊತ್ತಾಗಬೇಕು? ಲಿಂಕಿನ ಮಾತಲ್ಲೇ ಗುರಿ ಇರಬೇಕು: "ಮಕ್ಕಳ ಲಸಿಕೆ ವೇಳಾಪಟ್ಟಿ".

ಆಮೇಲೆ ಚಿತ್ರಗಳು. ಆರೋಗ್ಯ ಇಲಾಖೆಗಳಿಗೆ ಪೋಸ್ಟರ್ ಎಂದರೆ ಬಲು ಪ್ರೀತಿ. ಭೇದಿಯಾದಾಗ ಮನೆಯಲ್ಲೇ ಮಾಡಿಕೊಳ್ಳುವ ಸಕ್ಕರೆ ಉಪ್ಪಿನ ದ್ರಾವಣದ ಪೋಸ್ಟರ್ ಇದೆ ಎನ್ನಿ. ಒಂದು ಲೀಟರ್ ಶುದ್ಧ ನೀರು, ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದೆಲ್ಲ ಚಿತ್ರದ ಒಳಗಿದೆ. ಪರ್ಯಾಯ ಪಠ್ಯದಲ್ಲಿ ಮಾತ್ರ "ಓಆರ್‌ಎಸ್ ಪೋಸ್ಟರ್" ಎಂದಿದೆ. ಅಂದರೆ ಬೇಕಾದ ಅಳತೆಯೇ ಕೇಳಿಸಲಿಲ್ಲ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಹಾಗಾಗಿ ಇದು ಸಣ್ಣ ಲೋಪವಲ್ಲ. ಇಂಥ ಪೋಸ್ಟರಿನ ಪೂರ್ತಿ ವಿಷಯವನ್ನು ಚಿತ್ರದ ಕೆಳಗೆ ಅಕ್ಷರದಲ್ಲಿ ಬರೆಯುವುದೇ ಸರಿ. ಇಡೀ ಪೋಸ್ಟರನ್ನು ಪರ್ಯಾಯ ಪಠ್ಯದ ಒಳಗೆ ತುರುಕಬೇಡಿ. ಬರೀ ಅಂದಕ್ಕೆ ಹಾಕಿದ ಚಿತ್ರವಾದರೆ ಪರ್ಯಾಯ ಪಠ್ಯವನ್ನು ಖಾಲಿ ಬಿಡಿ, ಸ್ಕ್ರೀನ್ ರೀಡರ್ ಅದನ್ನು ದಾಟಿಹೋಗುತ್ತದೆ.

ಕೋಷ್ಟಕಗಳನ್ನು ಮರೆಯಬೇಡಿ. ವಯಸ್ಸು, ತೂಕಕ್ಕೆ ತಕ್ಕಂತೆ ಔಷಧಿಯ ಪ್ರಮಾಣ ಹೇಳುವ ಕೋಷ್ಟಕದಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಗಳನ್ನು ಒಟ್ಟಿಗೆ ಒತ್ತಿ ಒಂದೊಂದೇ ಖಾನೆಗೆ ಹೋಗಿ. "5 ಎಂಎಲ್" ಎಂದಷ್ಟೇ ಕೇಳಿದರೆ ಯಾವ ವಯಸ್ಸಿಗೆ ಎಂದು ತಿಳಿಯುವುದಿಲ್ಲ. ತಲೆಸಾಲನ್ನು ಕೋಡಿನಲ್ಲಿ ತಲೆಸಾಲು ಎಂದೇ ಗುರುತಿಸಿದ್ದರೆ ಸ್ಕ್ರೀನ್ ರೀಡರ್ ಅದನ್ನೂ ಸೇರಿಸಿ ಹೇಳುತ್ತದೆ. ದಪ್ಪ ಅಕ್ಷರ ಮಾಡಿದರೆ ಸಾಲದು.

ಕೊನೆಗೆ ಭಾಷೆಯ ಗುರುತು. ಕನ್ನಡದ ಪುಟವನ್ನು ಕೋಡಿನಲ್ಲಿ ಇಂಗ್ಲಿಷ್ ಎಂದು ಗುರುತಿಸಿದ್ದರೆ ಇಂಗ್ಲಿಷ್ ದನಿಯೇ ಅದನ್ನು ಓದಲು ಹೊರಡುತ್ತದೆ. ಅಕ್ಷರಗಳನ್ನು ನುಂಗುತ್ತದೆ, ಇಲ್ಲವೇ ಏನೇನೋ ಅನ್ನುತ್ತದೆ. ಇದನ್ನು ಸರಿಮಾಡಲು ಒಂದು ಸಾಲು ಸಾಕು. ಆದರೂ ಎಷ್ಟೋ ಸೈಟ್‌ಗಳಲ್ಲಿ ಬಿಟ್ಟುಹೋಗಿರುತ್ತದೆ.

ಹಂತ 6: ಪಿಡಿಎಫ್ ಎಂಬ ಗೋಡೆ

ಸುತ್ತೋಲೆ, ಮಾರ್ಗಸೂಚಿ, ಆಸ್ಪತ್ರೆಗಳ ಪಟ್ಟಿ, ಅರ್ಜಿ ನಮೂನೆ. ಆರೋಗ್ಯ ಇಲಾಖೆಗಳ ಮುಖ್ಯ ಮಾಹಿತಿಯೆಲ್ಲ ಕೂತಿರುವುದು ಪಿಡಿಎಫ್‌ಗಳಲ್ಲಿ. ವೆಬ್‌ಪುಟ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ಅದು ಕೈತೋರಿಸುವುದು ಸಹಿ, ಮೊಹರು ಬಿದ್ದ ಸ್ಕ್ಯಾನ್ ಪ್ರತಿಯ ಕಡೆಗೆ.

ಪರೀಕ್ಷೆ ಬಹಳ ಸುಲಭ. ಪಿಡಿಎಫ್ ತೆರೆದು ಒಂದು ಸಾಲನ್ನು ಆಯ್ಕೆ ಮಾಡಿ, ನಕಲಿಸಿ, ನೋಟ್‌ಪ್ಯಾಡಿಗೆ ಅಂಟಿಸಿ. ಆಯ್ಕೆಯೇ ಆಗದಿದ್ದರೆ ಅದು ಚಿತ್ರ. ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಒತ್ತಕ್ಷರ, ಕೊಂಬು ಜಾಗ ಬದಲಿಸಿ ಬಂದರೆ ಪಿಡಿಎಫ್ ಮಾಡುವಾಗ ಪಠ್ಯ ಕೆಟ್ಟಿದೆ. ನೋಟ್‌ಪ್ಯಾಡಿನಲ್ಲಿ ನಿಮಗೆ ಕಂಡದ್ದೇ ಸ್ಕ್ರೀನ್ ರೀಡರ್ ಬಳಸುವವರಿಗೆ ಕೇಳಿಸುವುದು. ಕಣ್ಣಿಗೆ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ, ತೊಂದರೆ ಇರುವುದೇ ಅಲ್ಲಿ.

ಪರಿಹಾರದಲ್ಲಿ ನನ್ನ ಮೊದಲ ಆಯ್ಕೆ ಪಿಡಿಎಫ್ ಸರಿಪಡಿಸುವುದಲ್ಲ, ಅದನ್ನು ಬಿಡುವುದು. ಜನರಿಗೆ ಬೇಕಾದ ವಿಷಯವನ್ನು ಸಾಮಾನ್ಯ ವೆಬ್‌ಪುಟವಾಗಿ ಹಾಕಿ. ಕಾನೂನಿಗೆ ಬೇಕಾದ ಸಹಿಯ ಪ್ರತಿಯನ್ನು ಪಕ್ಕದಲ್ಲಿ ಲಿಂಕ್ ಮಾಡಿ. ಪಿಡಿಎಫ್ ಬೇಕೇ ಬೇಕು ಎಂದರೆ ವರ್ಡ್ ಕಡತದಲ್ಲೇ ಶೀರ್ಷಿಕೆ ಶೈಲಿ, ಕೋಷ್ಟಕದ ತಲೆಸಾಲು, ಚಿತ್ರದ ಪರ್ಯಾಯ ಪಠ್ಯ ಎಲ್ಲ ಕೊಟ್ಟು, ಟ್ಯಾಗ್ (ಯಾವುದು ಶೀರ್ಷಿಕೆ, ಯಾವುದು ಕೋಷ್ಟಕ ಎಂದು ಹೇಳುವ ಗುರುತು) ಸಮೇತ ಪಿಡಿಎಫ್ ಆಗಿ ಉಳಿಸಿ. ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಬೇಡಿ. ಪಿಎಸಿ ಎಂಬ ಉಚಿತ ಟೂಲಿನಲ್ಲಿ ಪರಿಶೀಲಿಸಬಹುದು. ಹಳೆಯ ಸಾವಿರಾರು ಕಡತಗಳನ್ನು ಕಂಡು ಹೆದರಬೇಡಿ. ಹೆಚ್ಚು ಡೌನ್‌ಲೋಡ್ ಆಗುವ 20 ಕಡತಗಳಿಂದ ಶುರುಮಾಡಿ. ಉಳಿದವುಗಳಲ್ಲಿ ಎಷ್ಟೋ ಯಾರಿಗೂ ಬೇಡವಾದವು ಇರುತ್ತವೆ, ತೆಗೆದೇ ಹಾಕಬಹುದು.

ಹಂತ 7: ಅಪಾಯಿಂಟ್‌ಮೆಂಟ್ ಕೊನೆಯವರೆಗೂ ಮಾಡಿ ನೋಡಿ

ಅಮೆರಿಕದ ರೈಟ್ ಏಡ್ ಔಷಧಿ ಅಂಗಡಿಗಳ ಕೋವಿಡ್ ಲಸಿಕೆ ಬುಕಿಂಗ್ ಪುಟದ ವಿಷಯದಲ್ಲಿ ಅಲ್ಲಿನ ನ್ಯಾಯ ಇಲಾಖೆ 2021ರ ನವೆಂಬರ್‌ನಲ್ಲಿ ಒಂದು ಒಪ್ಪಂದ ಮಾಡಿಕೊಂಡಿತು. ಇಲಾಖೆ ಎತ್ತಿ ತೋರಿಸಿದ ದೋಷಗಳನ್ನು ನೋಡಿ. ಕ್ಯಾಲೆಂಡರಿನಲ್ಲಿ ಖಾಲಿ ಇರುವ ಸಮಯಗಳು ಸ್ಕ್ರೀನ್ ರೀಡರಿಗೆ ಸಿಗುತ್ತಿರಲಿಲ್ಲ. ಮೌಸ್ ಬದಲು ಟ್ಯಾಬ್ ಬಳಸುವವರಿಗೆ ಒಪ್ಪಿಗೆ ಪತ್ರದಲ್ಲಿ ಆಯ್ಕೆ ಮಾಡಲು ಬರುತ್ತಿರಲಿಲ್ಲ. ಮಾಹಿತಿಯ ಪುಟಗಳು ಚೆನ್ನಾಗಿದ್ದರೂ ಕೆಲಸ ಕೆಡುವುದು ಇಂಥ ಜಾಗದಲ್ಲೇ. ಹಾಗಾಗಿ ನಡುವೆ ಬಿಡಬೇಡಿ. ದೃಢೀಕರಣದ ಸಂದೇಶ ಬರುವವರೆಗೂ ಕೀಬೋರ್ಡ್ ಮತ್ತು ಸ್ಕ್ರೀನ್ ರೀಡರ್ ಹಿಡಿದೇ ಹೋಗಿ.

ಪ್ರತಿ ಖಾನೆಗೂ ಹೊರಗೆ ಕಾಣುವ ಹೆಸರಿರಲಿ. ಖಾನೆಯ ಒಳಗೆ ಮಂಕಾಗಿ ಬರೆದ ಸೂಚನೆ ಟೈಪ್ ಮಾಡುತ್ತಲೇ ಮಾಯವಾಗುತ್ತದೆ, ಮರೆವು ಇರುವವರಿಗೆ ಅದು ಕಷ್ಟ. ದಿನಾಂಕಕ್ಕೆ ಕ್ಯಾಲೆಂಡರ್ ಇದ್ದರೂ ಸರಿ, ನೇರ ಟೈಪ್ ಮಾಡಲೂ ಬರಬೇಕು. ತಪ್ಪಾದಾಗ ಖಾನೆಗೆ ಕೆಂಪು ಬಣ್ಣ ಬಳಿದರೆ ಆಗಲಿಲ್ಲ. "ಹುಟ್ಟಿದ ವರ್ಷವನ್ನು ನಾಲ್ಕು ಅಂಕಿಯಲ್ಲಿ ಬರೆಯಿರಿ" ಎಂದು ಮಾತಲ್ಲಿ ಹೇಳಿ, ಆ ಸಂದೇಶ ಸ್ಕ್ರೀನ್ ರೀಡರಿಗೂ ಮುಟ್ಟುವಂತೆ ಮಾಡಿ.

ಹೊತ್ತು ಮೀರಿತು ಎಂದು ಸೆಷನ್ ಮುಚ್ಚುವ ಸೈಟ್‌ಗಳು ನಿಧಾನವಾಗಿ ಟೈಪ್ ಮಾಡುವವರನ್ನು ಹೊರಗೆ ತಳ್ಳುತ್ತವೆ. ಮುಚ್ಚುವ ಮುಂಚೆ ಎಚ್ಚರಿಸಬೇಕು. ಒಂದು ಕೀ ಒತ್ತಿ ಸಮಯ ಹೆಚ್ಚಿಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡಬೇಕು.

ನೀವು ಯಂತ್ರವಲ್ಲ, ಮನುಷ್ಯರೇ ಎಂದು ಸಾಬೀತು ಮಾಡಿಸುವ ಒಗಟಾದ ಕ್ಯಾಪ್ಚಾ ಬಗ್ಗೆ ನನ್ನ ಅಭಿಪ್ರಾಯ ನೇರ: ಆರೋಗ್ಯ ಸೇವೆಯಲ್ಲಿ ಅದು ಬೇಡ. ಇಡಲೇಬೇಕಾದರೆ ಕಣ್ಣಿಗೊಂದು, ಕಿವಿಗೊಂದು ಬಗೆ ಇರಬೇಕು ಎನ್ನುತ್ತದೆ ಮಾನದಂಡ. ಆದರೆ ಕಣ್ಣು, ಕಿವಿ ಎರಡೂ ಇಲ್ಲದವರು ಏನು ಮಾಡಬೇಕು? ಯಂತ್ರಗಳ ಕಾಟ ತಡೆಯುವ ಕೆಲಸವನ್ನು ಸರ್ವರ್ ಕಡೆಯಲ್ಲೇ ಮಾಡಬಹುದು. ರೋಗಿಯ ಹೆಗಲಿಗೆ ಹೊರಿಸಬೇಕಾಗಿಲ್ಲ. ಹಾಗೆಯೇ ಒಟಿಪಿ, ಪಾಸ್‌ವರ್ಡ್ ಖಾನೆಗಳಲ್ಲಿ ಅಂಟಿಸಲು ಬಿಡಿ. ಆರು ಅಂಕಿ ನೆನಪಿಟ್ಟುಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ.

ಹಂತ 8: ವಿಡಿಯೊ, ಅಂಕಿಅಂಶ, ಸಹಾಯವಾಣಿ

ವಿಡಿಯೊಗೆ ಕ್ಯಾಪ್ಶನ್, ಅಂದರೆ ಮಾತನ್ನು ಅಕ್ಷರದಲ್ಲಿ ತೋರಿಸುವ ಸಾಲು, ಬೇಕು. ತಾನಾಗಿ ಹುಟ್ಟುವ ಕ್ಯಾಪ್ಶನ್ ಔಷಧಿಯ ಹೆಸರು, ಪ್ರಮಾಣಗಳಲ್ಲಿ ಎಡವುತ್ತದೆ. ಯಾರಾದರೂ ಕೂತು ತಿದ್ದಲೇಬೇಕು. ಹುಟ್ಟಿನಿಂದಲೇ ಕಿವಿ ಕೇಳಿಸದ ಎಷ್ಟೋ ಜನರಿಗೆ ಸನ್ನೆ ಭಾಷೆಯೇ ಮೊದಲ ಭಾಷೆ. ಬರಹ ಅವರಿಗೆ ಎರಡನೆಯದು. ಹಾಗಾಗಿ ಮುಖ್ಯ ವಿಷಯಗಳಿಗೆ ಸನ್ನೆ ಭಾಷೆಯ ವಿಡಿಯೊ ಮಾಡಿ. ಸನ್ನೆ ಭಾಷೆ ಎಎಎ ಹಂತದಲ್ಲಿದೆ, ಎಎಗೆ ಕಡ್ಡಾಯವಲ್ಲ. ಆದರೂ ಸಾಂಕ್ರಾಮಿಕ ರೋಗದ ಸಮಯದಲ್ಲಿ ಅದನ್ನು ಬಿಡುವುದು ಸರಿಯಲ್ಲ. ಪತ್ರಿಕಾಗೋಷ್ಠಿಯ ವಿಡಿಯೊ ಹಾಕುವಾಗ ಅನುವಾದಕರನ್ನು ಚೌಕಟ್ಟಿನಿಂದ ಕತ್ತರಿಸಿಬಿಡಬೇಡಿ.

ಗ್ರಾಫ್ ಇದ್ದರೆ ಅದರ ಸಾರವನ್ನು ಒಂದೆರಡು ವಾಕ್ಯದಲ್ಲಿ ಬರೆದು, ಅಂಕಿಗಳನ್ನು ಕೋಷ್ಟಕವಾಗಿಯೂ ಕೊಡಿ. "ಹೆಚ್ಚಿನ ಮಾಹಿತಿಗೆ ಕರೆ ಮಾಡಿ" ಎಂಬ ಸಾಲು ಕಂಡಲ್ಲೆಲ್ಲ ನಿಂತು ಯೋಚಿಸಿ. ಕಿವಿ ಕೇಳಿಸದವರು, ಮಾತು ಬಾರದವರು ಹೇಗೆ ಕರೆ ಮಾಡಬೇಕು? ಎಸ್‌ಎಂಎಸ್, ಇಮೇಲ್ ಅಥವಾ ಚಾಟ್, ಒಂದಾದರೂ ಇರಲಿ. ಅದಕ್ಕೆ ಯಾರಾದರೂ ಉತ್ತರ ಕೊಡುತ್ತಿರಲಿ.

ಹಂತ 9: ಮಾತು ಸರಳವಾಗಲಿ

"ಆಹಾರ ಸೇವನಾನಂತರ ಔಷಧಿಯನ್ನು ಸೇವಿಸತಕ್ಕದ್ದು" ಎಂಬುದನ್ನು "ಊಟ ಆದ ಮೇಲೆ ಮಾತ್ರೆ ತೆಗೆದುಕೊಳ್ಳಿ" ಎಂದು ಬರೆದರೆ ಯಾವ ಗೌರವವೂ ಕಡಿಮೆಯಾಗುವುದಿಲ್ಲ. ಕಲಿಕೆಯ ತೊಂದರೆ ಇರುವವರಿಗೆ, ಬುದ್ಧಿಮಾಂದ್ಯತೆ ಇರುವವರಿಗೆ ಒಂದು ವಾಕ್ಯಕ್ಕೆ ಒಂದೇ ಸಂಗತಿ, ಪಕ್ಕದಲ್ಲಿ ಚಿತ್ರ ಇರುವ ಸರಳ ಓದಿನ ಪ್ರತಿ ಮಾಡಬಹುದು. ಏನು ಮಾಡಬೇಕು ಎಂಬುದು ಮೊದಲ ಸಾಲಿನಲ್ಲಿ ಬರಲಿ. ಯಾವ ಆದೇಶ, ಯಾವ ದಿನಾಂಕ ಎಂಬುದೆಲ್ಲ ಕೆಳಗೆ.

ಹಂತ 10: ಬಳಸುವವರನ್ನೇ ಕೂರಿಸಿ

ಇಷ್ಟು ಮಾಡಿದರೂ ನೀವು ನೋಡಿದ್ದು ನಿಮ್ಮ ಊಹೆಯಲ್ಲಿ. ದಿನಾ ಸ್ಕ್ರೀನ್ ರೀಡರ್ ಬಳಸುವವರು, ಕೈ ಆಡದವರು, ಸನ್ನೆ ಭಾಷೆಯವರು, ಕಡಿಮೆ ದೃಷ್ಟಿ ಇರುವವರು, ಸರಳ ಓದು ಬೇಕಾದವರು, ಹೀಗೆ ಐದಾರು ಜನರನ್ನು ಕರೆಯಿರಿ. ಮೊದಲ ಹಂತದ ಕೆಲಸಗಳನ್ನು ಅವರವರ ಸ್ವಂತ ಫೋನು, ಕಂಪ್ಯೂಟರಿನಲ್ಲಿ ಮಾಡಲು ಹೇಳಿ. ನೀವು ಬಾಯಿ ಬಿಡಬೇಡಿ. "ಅಲ್ಲ, ಮೇಲೆ ಬಲಗಡೆ ಇದೆ ನೋಡಿ" ಎಂದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಅವರ ಸಮಯಕ್ಕೆ ಹಣ ಕೊಡಿ, ಇದು ಪುಗಸಟ್ಟೆ ಸೇವೆಯಲ್ಲ. ಅವರ ನಿಜವಾದ ಆರೋಗ್ಯ ವಿವರಗಳನ್ನು ಪರೀಕ್ಷೆಗೆ ಬಳಸಬೇಡಿ, ಕಲ್ಪಿತ ಹೆಸರು, ದಿನಾಂಕ ಸಾಕು.

ಹಂತ 11: ಯಾವುದನ್ನು ಮೊದಲು ಸರಿ ಮಾಡಬೇಕು?

ಕೆಲಸವನ್ನು ಪೂರ್ತಿ ತಡೆಯುವ ದೋಷಗಳು ಮೊದಲು. ತಪ್ಪು ತಿಳಿವಳಿಕೆ ಕೊಟ್ಟು ಜೀವಕ್ಕೆ ಅಪಾಯ ತರುವಂಥವೂ ಅದೇ ಸಾಲಿನಲ್ಲಿ. ಎಲ್ಲ ಪುಟಗಳಲ್ಲೂ ಬರುವ ಮೆನು, ಹುಡುಕಾಟ, ಲಾಗಿನ್ ಆಮೇಲೆ, ಏಕೆಂದರೆ ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಸರಿಯಾಗುತ್ತದೆ. ಕಿರಿಕಿರಿ ಮಾಡುವಂಥವು ಕೊನೆಗೆ.

ಇಲ್ಲೊಂದು ಎಚ್ಚರಿಕೆ. ಒಂದು ಸಾಲು ಕೋಡ್ ಹಾಕಿದರೆ ಸಾಕು, ಮೂಲೆಯಲ್ಲಿ ಗಾಲಿಕುರ್ಚಿಯ ಗುರುತು ಬರುತ್ತದೆ, ಸೈಟ್ ಪೂರ್ತಿ ಸರಿಯಾಗುತ್ತದೆ ಎಂದು ಮಾರುವವರು ಬರುತ್ತಾರೆ. ಅಂಥ ಒಂದು ಕಂಪನಿ ಆಕ್ಸೆಸಿಬಿ ಮೇಲೆ ಅಮೆರಿಕದ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅತಿಶಯದ ಭರವಸೆ ಕೊಟ್ಟಿದೆ ಎಂದು ಆರೋಪ ಮಾಡಿ, 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿತು. ಅಕ್ಷರ ದೊಡ್ಡದು ಮಾಡುವ ಬಟನ್ ಬ್ರೌಸರಿನಲ್ಲೇ ಇದೆ. ಆ ಹಣವನ್ನು ಫಾರಂ ತಿದ್ದಲು ಬಳಸಿ.

ಆಮೇಲೆ ಒಂದು ಹೇಳಿಕೆಯ ಪುಟ ಹಾಕಿ. ಯಾವುದು ಸರಿಯಿದೆ, ಯಾವುದು ಇನ್ನೂ ಇಲ್ಲ, ಯಾವಾಗ ಸರಿಯಾಗುತ್ತದೆ, ಅಲ್ಲಿಯವರೆಗೆ ಆ ಮಾಹಿತಿ ಬೇರೆ ಹೇಗೆ ಸಿಗುತ್ತದೆ, ಯಾರಿಗೆ ಬರೆಯಬೇಕು. ಯುರೋಪಿಯನ್ ಒಕ್ಕೂಟದ ಸರ್ಕಾರಿ ಸೈಟ್‌ಗಳಿಗೆ ಇಂಥ ಹೇಳಿಕೆ ಕಡ್ಡಾಯ. "ನಮ್ಮ ಸೈಟ್ ಎಲ್ಲರಿಗೂ ಅನುಕೂಲಕರವಾಗಿದೆ" ಎಂಬ ಒಂದು ಸಾಲಿನ ಹೇಳಿಕೆಗಿಂತ ಕುಂದುಗಳ ಪಟ್ಟಿಯೇ ಜನರಿಗೆ ಹೆಚ್ಚು ಉಪಯೋಗ.

ಹಂತ 12: ಹೊರಗಿನವರಾದರೆ ದೂರು ಹೀಗೆ ಬರೆಯಿರಿ

"ನಿಮ್ಮ ವೆಬ್‌ಸೈಟ್ ಅಂಗವಿಕಲರಿಗೆ ಸರಿಯಿಲ್ಲ" ಎಂದಷ್ಟೇ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಪುಟದ ವಿಳಾಸ, ಏನು ಮಾಡಲು ಹೋದಿರಿ, ಎಲ್ಲಿ ನಿಂತಿತು, ಯಾವ ಫೋನು, ಯಾವ ಬ್ರೌಸರ್, ಯಾವ ಸ್ಕ್ರೀನ್ ರೀಡರ್, ಇಷ್ಟನ್ನೂ ಬರೆಯಿರಿ. ಒಂದು ದೂರಿನಲ್ಲಿ ಒಂದೇ ತೊಂದರೆ. ಒಂದು ಮಾದರಿ:

"ಅಪಾಯಿಂಟ್‌ಮೆಂಟ್ ಪುಟದಲ್ಲಿ ದಿನಾಂಕದ ಕ್ಯಾಲೆಂಡರ್ ಕೀಬೋರ್ಡಿಗೆ ಸಿಗುತ್ತಿಲ್ಲ. ವಿಂಡೋಸ್, ಕ್ರೋಮ್, ಎನ್‌ವಿಡಿಎ ಬಳಸುತ್ತೇನೆ. ಟ್ಯಾಬ್ ಒತ್ತಿದರೆ ಕ್ಯಾಲೆಂಡರ್ ಬಿಟ್ಟು ನೇರ ಕೆಳಗಿನ ಬಟನ್ನಿಗೆ ಹೋಗುತ್ತದೆ. ಹೀಗಾಗಿ ದಿನಾಂಕ ಆರಿಸಲು ಆಗಲಿಲ್ಲ. ಇದು ಡಬ್ಲ್ಯುಸಿಎಜಿ 2.1.1, ಕೀಬೋರ್ಡ್ ಅಂಶದ ಉಲ್ಲಂಘನೆ. ಸರಿಯಾಗುವವರೆಗೆ ಇಮೇಲ್ ಮೂಲಕ ಅಪಾಯಿಂಟ್‌ಮೆಂಟ್ ಕೊಡಿ."

ಕೊನೆಯ ಸಾಲನ್ನು ಮರೆಯಬೇಡಿ. ವೆಬ್‌ಸೈಟ್ ಸರಿಯಾಗಲು ತಿಂಗಳುಗಳು ಹಿಡಿಯಬಹುದು, ನಿಮಗೆ ವೈದ್ಯರು ಬೇಕಿರುವುದು ಈಗ. ನಿಮ್ಮ ಕಾಯಿಲೆ ಏನು ಎಂದು ದೂರಿನಲ್ಲಿ ಹೇಳಬೇಕಾಗಿಲ್ಲ. ಪರದೆಯ ಚಿತ್ರ ಲಗತ್ತಿಸುವುದಾದರೆ ಅದರಲ್ಲಿ ಹೆಸರು, ಗುರುತಿನ ಸಂಖ್ಯೆ, ಫಲಿತಾಂಶ ಕಾಣದಂತೆ ಮುಚ್ಚಿ. ದೂರಿನ ಸಂಖ್ಯೆ, ದಿನಾಂಕ ಬರೆದಿಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಅಂಗವಿಕಲರ ಹಕ್ಕುಗಳನ್ನು ನೋಡಿಕೊಳ್ಳುವ ಆಯುಕ್ತರಿಗೋ ಪ್ರಾಧಿಕಾರಕ್ಕೋ ಅದೇ ಪ್ರತಿಯನ್ನು ಕಳಿಸಿ. ಸರಿಯಾಯಿತು ಎಂದು ಇಲಾಖೆ ತಿಳಿಸಿದ ದಿನ ಅದೇ ಪುಟಕ್ಕೆ ಹೋಗಿ, ಅದೇ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಮಾಡಿ ನೋಡಿ. ಆಮೇಲೆ ದೂರು ಮುಚ್ಚಲು ಒಪ್ಪಿಗೆ ಕೊಡಿ.